ಸಿಂಪ್ಯೂಟರ್: ಹೊಲಕ್ಕೆಂದೇ ಹುಟ್ಟಿದ್ದ ಕಂಪ್ಯೂಟರ್

ನಮ್ಮ ಶಂಕರನಾರಾಯಣದ ತೋಟಗಳಿಗೆ ಬೆಳೆ ಸಮೀಕ್ಷೆಗೆ ಬರುವವರ ಕೈಯಲ್ಲಿ ಈಗ ಮೊಬೈಲ್ ಇರುತ್ತದೆ. ಹಳ್ಳಿಗೆ ಒಯ್ಯಬಲ್ಲ ಅಗ್ಗದ ಯಂತ್ರ ಬೇಕೆಂದು ಬೆಂಗಳೂರಿನಲ್ಲಿ ಯೋಚಿಸಿ ಕಾಲು ಶತಮಾನವಾಯಿತು. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರೂ ಎನ್‌ಕೋರ್ ಕಂಪೆನಿಯ ಎಂಜಿನಿಯರರೂ ಸೇರಿ 2001ರಲ್ಲಿ ಅಂಗೈಯಗಲದ ‘ಸಿಂಪ್ಯೂಟರ್’ ತೋರಿಸಿದರು. ಅಂದುಕೊಂಡ ಬೆಲೆ ಸುಮಾರು 9,000 ರೂಪಾಯಿ. ಕನ್ನಡವನ್ನೂ ಓದಿ ಹೇಳುತ್ತಿತ್ತು! ಒಂದೇ ಯಂತ್ರವನ್ನು ಊರವರೆಲ್ಲ ಬಳಸಲೆಂದು ಸ್ಮಾರ್ಟ್ ಕಾರ್ಡ್ ಇಟ್ಟಿದ್ದರು. ನಮಗೆ ಹಿಡಿಸಿದ್ದು ಈ ಉಪಾಯವೇ. ಕರ್ನಾಟಕದ ಭೂದಾಖಲೆ ಕೆಲಸದಲ್ಲೂ ಪ್ರಯೋಗ ನಡೆಯಿತು. 2004ರಲ್ಲಿ ಮಾರುಕಟ್ಟೆಗೆ ಬಂದರೂ ಹೆಚ್ಚು ಖರ್ಚಾಗಲಿಲ್ಲ. ಆಮೇಲೆ ಮೊಬೈಲೇ ಅಗ್ಗವಾಯಿತು.

ಆದರೆ ಆ್ಯಪ್ ಬಂದಷ್ಟು ಬೇಗ ಸಾಧನ ಬರಲಿಲ್ಲ. 2024ರಲ್ಲಿ ಗ್ರಾಮ ಆಡಳಿತಾಧಿಕಾರಿಗಳು ಮುಷ್ಕರ ಹೂಡಿದಾಗ ಅವರ ಬೇಡಿಕೆಗಳಲ್ಲಿ ಮೊಬೈಲ್, ಲ್ಯಾಪ್‌ಟಾಪ್, ಇಂಟರ್ನೆಟ್ ಮೂರೂ ಇದ್ದವು.