ಊರಿನವರೊಂದಿಗೆ ಕೂತು ಹಾಕುವ ಹವಾಮಾನ ಅಪಾಯದ ಲೆಕ್ಕ

ಹವಾಮಾನ ಬದಲಾವಣೆಯಿಂದ ಒಂದು ಊರಿಗೆ ಏನೇನು ಕಾದಿದೆ, ಪೆಟ್ಟು ಯಾರಿಗೆ ಹೆಚ್ಚು, ತಡೆದುಕೊಳ್ಳಲು ಮೊದಲು ಕೈಹಾಕಬೇಕಾದ ಕೆಲಸ ಯಾವುದು? ಇವನ್ನು ತಜ್ಞರೂ ಸ್ಥಳೀಯರೂ ಜೊತೆಗೂಡಿ ಗೊತ್ತುಮಾಡುವ ವಿಧಾನಕ್ಕೆ ಸಹಭಾಗಿ ಅಪಾಯ ಮೌಲ್ಯಮಾಪನ ಎನ್ನುತ್ತಾರೆ. ಜಿಲ್ಲೆಯ ಸರಾಸರಿ ಮಳೆ ನೋಡಿ ಬಣ್ಣ ತುಂಬಿದ ನಕ್ಷೆ ಸರ್ಕಾರಕ್ಕೆ ಬೇಕು. ಆದರೆ ಯಾವ ಕೆರೆಯ ತೂಬು ಒಡೆದಿದೆ, ಯಾವ ಕೇರಿಯ ನಲ್ಲಿ ಮೊದಲು ಒಣಗುತ್ತದೆ ಎಂಬುದು ಆ ನಕ್ಷೆಯಲ್ಲಿ ಸಿಗದು. ತುಮಕೂರು, ಕೋಲಾರದ ಒಣಭೂಮಿ ಮತ್ತು ಅದಕ್ಕೆ ತಾಗಿಕೊಂಡ ರಾಯಲಸೀಮೆಯ ಅನುಭವ ಈ ವಿಧಾನವನ್ನು ಅರಿಯಲು ಒಳ್ಳೆಯ ದಾರಿ.

ಅಪಾಯ ಎಲ್ಲಿ ಹುಟ್ಟುತ್ತದೆ

ವಿಶ್ವಸಂಸ್ಥೆಯ ಹವಾಮಾನ ಸಮಿತಿ ಐಪಿಸಿಸಿ 2014ರ ವರದಿಯಲ್ಲಿ ಅಪಾಯವನ್ನು ಮೂರು ಎಳೆಗಳಾಗಿ ಬಿಡಿಸಿತು. ಒಂದು, ಬರ, ನೆರೆ, ಬಿಸಿಗಾಳಿಯಂಥ ವಿಕೋಪ. ಎರಡು, ಅದರ ದಾರಿಯಲ್ಲಿ ಸಿಕ್ಕಿಬೀಳುವ ಜನ, ಬೆಳೆ, ದನಕರು. ಮೂರು, ಅವರ ತಾಳಿಕೆಯ ಕೊರತೆ. 2023ರಲ್ಲಿ ಕರ್ನಾಟಕದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಣೆಯಾದವು. ಘೋಷಣೆ ಒಂದೇ ಆದರೂ, ಆಳದ ಬೋರ್ ಇರುವ ತೆಂಗಿನ ತೋಟದವನು ಆ ವರ್ಷ ಕಳೆದ ಬಗೆ ಬೇರೆ. ಎರಡು ಹಸು ನಂಬಿ ಡೇರಿಗೆ ಹಾಲು ಹಾಕುವ, ಜಮೀನಿಲ್ಲದ ಹೆಂಗಸಿನ ಪಾಡು ಬೇರೆ. ಮೇವಿನ ಬೆಲೆ ಏರಿದರೆ ಅವಳಿಗೆ ಬರ ಮನೆಬಾಗಿಲಿಗೇ ಬಂದಂತೆ. ಮಳೆಮಾಪಕಕ್ಕೆ ಇದು ಕಾಣುವುದಿಲ್ಲ. ಅವಳನ್ನೇ ಕೇಳಬೇಕು.

ಯಾರು ಕೂರಬೇಕು

ರಾಗಿ, ಶೇಂಗಾ ಬೆಳೆಯುವವರು, ಕುರಿ ಮೇಯಿಸುವವರು, ಕೂಲಿಯವರು, ಕೆರೆಯ ನೀರು ಹಂಚುತ್ತಿದ್ದ ನೀರುಗಂಟಿ, ಪಂಚಾಯಿತಿಯ ವಾಟರ್‌ಮನ್, ಆಶಾ ಕಾರ್ಯಕರ್ತೆ, ಪಿಡಿಒ, ಕೃಷಿ ವಿಜ್ಞಾನ ಕೇಂದ್ರದವರು. ಪಟ್ಟಿ ಬರೆಯುವುದು ಸುಲಭ, ಕೂರಿಸುವುದು ಕಷ್ಟ. ಬೆಳಿಗ್ಗೆ ಹನ್ನೊಂದಕ್ಕೆ ಸಭೆ ಕರೆದರೆ ಕೂಲಿಗೆ ಹೋದವರು ಬರಲಾರರು. ಅರಳಿಕಟ್ಟೆಯಲ್ಲಿ ಕರೆದರೆ ಹೆಂಗಸರೂ ದಲಿತ ಕೇರಿಯವರೂ ದೂರ ನಿಂತು ಕೇಳಿಸಿಕೊಂಡು ಹೋಗಬಹುದು. ಹಾಗಾಗಿ ಮೊದಲು ಕೇರಿ ಕೇರಿಯಲ್ಲಿ, ಅವರವರ ಬಿಡುವಿನ ಹೊತ್ತಿಗೆ ಮಾತಾಡಿ, ಆಮೇಲೆ ಎಲ್ಲರನ್ನೂ ಒಟ್ಟಿಗೆ ಸೇರಿಸುವುದು ಸರಿಯಾದ ಕ್ರಮ. ಈ ಹಂತವನ್ನು ಅವಸರದಲ್ಲಿ ಮುಗಿಸಿದ ಮೌಲ್ಯಮಾಪನ ಊರಿನ ನಾಲ್ಕು ದೊಡ್ಡ ಮನೆಗಳ ಅಹವಾಲಾಗಿ ಉಳಿಯುತ್ತದೆ.

ನೆನಪು ಮತ್ತು ದಾಖಲೆ

ನೆಲದ ಮೇಲೆ ರಂಗೋಲಿ ಪುಡಿಯಿಂದ ಊರಿನ ನಕ್ಷೆ ಬಿಡಿಸುವುದು, ಹೊಲ–ಹಳ್ಳ ಸುತ್ತಿ ನೋಡುವುದು, ಹಿಂದಿನ ಬರಗಳ ಕಾಲರೇಖೆ ಎಳೆಯುವುದು, ಕಷ್ಟಗಳಲ್ಲಿ ಯಾವುದು ದೊಡ್ಡದೆಂದು ಹುಣಸೆಬೀಜ ಇಟ್ಟು ತೂಗುವುದು ಇಲ್ಲಿನ ಸಲಕರಣೆಗಳು. ಬ್ರಿಟನ್ನಿನ ರಾಬರ್ಟ್ ಚೇಂಬರ್ಸ್ ಮೊದಲಾದವರು ಇಂಥ ಸಹಭಾಗಿ ವಿಧಾನಗಳನ್ನು ಜಗತ್ತಿಗೆ ಪರಿಚಯಿಸಿದರು. ಭಾರತದ ಹಳ್ಳಿಗಳೇ ಅವು ಪಳಗಿದ ಜಾಗಗಳಲ್ಲಿ ಸೇರಿವೆ.

ನಮ್ಮ ರೈತರು ಮಳೆಯನ್ನು ನಕ್ಷತ್ರದ ಲೆಕ್ಕದಲ್ಲಿ ನೆನಪಿಡುತ್ತಾರೆ. ರೋಹಿಣಿ ಬಂತೇ, ಆರಿದ್ರಾ ಕೈಕೊಟ್ಟಿತೇ, ಉತ್ತರೆ, ಹಸ್ತ ಸುರಿದು ತೆನೆ ಕೆಡಿಸಿತೇ ಎಂದು ಕೇಳಿದರೆ ಒಂದೊಂದು ಹಂಗಾಮಿನ ಕಥೆ ಹೊರಬರುತ್ತದೆ. ಒಂದು ನಕ್ಷತ್ರದ ಅವಧಿ ಸುಮಾರು 13–14 ದಿನ. ಬಿತ್ತನೆಗೂ ಪೈರಿಗೂ ಹೊಂದುವ ಇಂಥ ಅಳತೆ ತಿಂಗಳ ಸರಾಸರಿಗಿಂತ ಎಷ್ಟೋ ಹೆಚ್ಚು ಹೇಳುತ್ತದೆ. ಆದರೆ ನೆನಪು ಇತ್ತೀಚಿನ ಬರವನ್ನು ದೊಡ್ಡದು ಮಾಡುತ್ತದೆ, ಹಳೆಯ ಬರವನ್ನು ಮರೆಸುತ್ತದೆ. 1988ರಲ್ಲಿ ಬರ ನಿಗಾ ಘಟಕವಾಗಿ ಶುರುವಾದ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳು ಇಂದು ಗ್ರಾಮ ಪಂಚಾಯಿತಿ ಮಟ್ಟದಲ್ಲಿವೆ. ಆ ಅಂಕಿಗಳನ್ನು ನಕ್ಷತ್ರದ ಪಟ್ಟಿಯ ಪಕ್ಕ ಇಟ್ಟರೆ ಎರಡೂ ಒಂದನ್ನೊಂದು ತಿದ್ದುತ್ತವೆ.

ನೀರಿನ ಬಜೆಟ್

ಈ ವಿಧಾನದ ಜೀವಾಳ ನನ್ನ ದೃಷ್ಟಿಯಲ್ಲಿ ನೀರಿನ ಲೆಕ್ಕ. ಒಂದು ಹೆಕ್ಟೇರಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ 10,000 ಲೀಟರ್. ಉದಾಹರಣೆಗೆ 500 ಹೆಕ್ಟೇರಿನ ಊರಿನಲ್ಲಿ 600 ಮಿ.ಮೀ. ಮಳೆಯಾದರೆ ಬಿದ್ದದ್ದು 300 ಕೋಟಿ ಲೀಟರ್. ಗಟ್ಟಿ ಕಲ್ಲಿನ ನಮ್ಮ ಬಯಲುಸೀಮೆಯಲ್ಲಿ ನೆಲದಾಳಕ್ಕೆ ಇಳಿಯುವುದು ಅದರ ಹತ್ತನೇ ಒಂದು ಪಾಲು ಎಂದುಕೊಂಡರೂ ಕೈಗೆ ಸಿಗುವುದು 30 ಕೋಟಿ ಲೀಟರ್. 1,200 ಮಿ.ಮೀ. ನೀರು ಬೇಡುವ ಬೇಸಿಗೆ ಭತ್ತವನ್ನು ಬೋರ್ ನಂಬಿ 25 ಹೆಕ್ಟೇರಿನಲ್ಲಿ ನಾಟಿ ಮಾಡಿದರೆ ಅಷ್ಟೂ ನೀರನ್ನು ಹೊಲಕ್ಕೆ ಎತ್ತಬೇಕಾಗುತ್ತದೆ. ಊರಿಗೆ ಕುಡಿಯಲು ಏನು ಉಳಿಯಿತು? ಈ ಗುಣಾಕಾರವನ್ನು ಊರಿನವರೇ ಮಾಡಿ ನೋಡಿದಾಗ ಬರುವ ಅರಿವು ಯಾವ ಭಾಷಣದಿಂದಲೂ ಬರದು.

ಇದನ್ನು ದೊಡ್ಡ ಪ್ರಮಾಣದಲ್ಲಿ ಮಾಡಿ ತೋರಿಸಿದ್ದು ಅವಿಭಜಿತ ಆಂಧ್ರಪ್ರದೇಶ. ಅನಂತಪುರ, ಚಿತ್ತೂರು, ಕಡಪ ಸೇರಿ 7 ಬರಪೀಡಿತ ಜಿಲ್ಲೆಗಳ 600ಕ್ಕೂ ಹೆಚ್ಚು ಊರುಗಳಲ್ಲಿ, ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ (ಎಫ್‌ಎಒ) ನೆರವಿನಿಂದ 2000ರ ದಶಕದಲ್ಲಿ ರೈತರೇ ನಿರ್ವಹಿಸುವ ಅಂತರ್ಜಲ ಯೋಜನೆ ನಡೆಯಿತು. ರೈತರು, ರೈತ ಮಹಿಳೆಯರು ಮಳೆ ಅಳೆದರು, 15 ದಿನಕ್ಕೊಮ್ಮೆ ಬಾವಿಗಳ ನೀರಿನ ಮಟ್ಟ ಬರೆದಿಟ್ಟರು, ಅಂಕಿಗಳನ್ನು ಊರಿನ ಫಲಕದ ಮೇಲೆ ಹಾಕಿದರು. ಹಿಂಗಾರಿಗೆ ಮುಂಚೆ ಎಲ್ಲರೂ ಸೇರಿ ಇರುವ ನೀರು, ಬೇಕಾಗುವ ನೀರು ಎರಡನ್ನೂ ಎದುರು ಬದುರು ಇಟ್ಟರು. ಇಂಥದೇ ಬೆಳೆಯಿರೆಂಬ ಬಲವಂತ ಇರಲಿಲ್ಲ, ಬೆಳೆ ಬದಲಿಸಿದ್ದಕ್ಕೆ ಸಹಾಯಧನವೂ ಇರಲಿಲ್ಲ. ಆದರೂ ಹಲವೆಡೆ ಭತ್ತ ಕಡಿಮೆಯಾಯಿತು. ಫಲ ಎಲ್ಲ ಊರುಗಳಲ್ಲೂ ಒಂದೇ ಆಗಿರಲಿಲ್ಲ ಎಂಬುದನ್ನೂ ಹೇಳಬೇಕು.

ಲೆಕ್ಕದಿಂದ ಕೆಲಸಕ್ಕೆ

ಭಾರತೀಯ ಕೃಷಿ ಅನುಸಂಧಾನ ಪರಿಷತ್ತು ಹವಾಮಾನ ತಾಳುವ ಕೃಷಿಗೆಂದು 2011ರಲ್ಲಿ ಆರಂಭಿಸಿದ ನಿಕ್ರಾ ಯೋಜನೆಯಲ್ಲಿ ಆಯ್ದ ಹಳ್ಳಿಗಳಲ್ಲಿ ಹವಾಮಾನ ಅಪಾಯ ನಿರ್ವಹಣಾ ಸಮಿತಿಗಳು ರಚನೆಯಾದವು. ತುಮಕೂರು ಜಿಲ್ಲೆ ಕೊರಟಗೆರೆ ತಾಲ್ಲೂಕಿನ ಡಿ. ನಾಗೇನಹಳ್ಳಿ ಅಂಥ ಒಂದು ಊರು. ಹಿರೇಹಳ್ಳಿ ಕೃಷಿ ವಿಜ್ಞಾನ ಕೇಂದ್ರದ ಜೊತೆಗೆ ಅಲ್ಲಿನ ರೈತರು ಕೃಷಿ ಹೊಂಡ, ಬದು, ಬರ ತಾಳುವ ರಾಗಿ ತಳಿಗಳತ್ತ ಹೊರಳಿದರು. 2019ರ ಅಟಲ್ ಭೂಜಲ ಯೋಜನೆ ಕರ್ನಾಟಕವೂ ಸೇರಿ 7 ರಾಜ್ಯಗಳ ಪಂಚಾಯಿತಿಗಳಲ್ಲಿ ಜನರಿಂದಲೇ ನೀರಿನ ಬಜೆಟ್ ಮತ್ತು ಜಲ ಭದ್ರತಾ ಯೋಜನೆ ಮಾಡಿಸಿತು.

ಸಭೆಯ ತೀರ್ಮಾನ ಗ್ರಾಮ ಪಂಚಾಯಿತಿ ಅಭಿವೃದ್ಧಿ ಯೋಜನೆಯೊಳಗೆ ಸೇರಿ ಅದಕ್ಕೆ ಹಣ ಬೀಳದಿದ್ದರೆ ಜನ ಎರಡನೇ ಸಲ ಸಭೆಗೆ ಬರುವುದಿಲ್ಲ. ಯಾವ ಪರಿಹಾರವನ್ನು ಆರಿಸುತ್ತೇವೆ ಎಂಬುದೂ ಅಷ್ಟೇ ಮುಖ್ಯ. ಬರಕ್ಕೆ ಮದ್ದೆಂದು ಒಬ್ಬ ಇನ್ನೂ ಆಳಕ್ಕೆ ಬೋರ್ ಕೊರೆಸಿದರೆ ಪಕ್ಕದವನ ಬೋರ್ ಬತ್ತುತ್ತದೆ. ಮಳೆನೀರಿಗೆಂದು ತೋಡಿದ ಹೊಂಡವನ್ನು ಪಂಪಿನಿಂದ ತುಂಬಿಸಿದರೆ ಅಂತರ್ಜಲ ಆವಿಯಾಗಿ ಹೋಗುತ್ತದೆ. ಆದ್ದರಿಂದ ಒಬ್ಬೊಬ್ಬರ ಪರಿಹಾರ ಇನ್ನೊಬ್ಬರ ಅಪಾಯವನ್ನು ಹೆಚ್ಚಿಸಿತೇ ಎಂದು ಪ್ರತಿ ಹಿಂಗಾರಿಗೆ ಮೊದಲು ಅದೇ ಜನ, ಅದೇ ಬಾವಿಗಳ ಹೊಸ ಅಳತೆ ಇಟ್ಟುಕೊಂಡು ಮತ್ತೆ ನೋಡಬೇಕಾಗುತ್ತದೆ.