ಮುಂಬೈನಲ್ಲಿ ಯಾವ ಸಿಮ್ ಒಳ್ಳೇದು? ಉತ್ತರ 1994ರಲ್ಲಿದೆ

ಇವತ್ತಿನ ವಿಷಯ ಚಿಕ್ಕದು ಅನ್ನಿಸಬಹುದು. ಬೆಂಗಳೂರಿಂದ ಹೊಸದಾಗಿ ವರ್ಗವಾಗಿ ಬಂದ ನಮ್ಮ ಟೀಮಿನ ಹುಡುಗನೊಬ್ಬ ಊಟದ ಹೊತ್ತಲ್ಲಿ ಕೇಳಿದ: "ಸರ್, ಮುಂಬೈನಲ್ಲಿ ಯಾವ ನೆಟ್‌ವರ್ಕ್ ಬೆಸ್ಟು? ಯಾರದ್ದು ಫಾಸ್ಟು?" ಅವನು ಮೂರು ಕಂಪನಿಗಳ ಕವರೇಜ್ ಮ್ಯಾಪ್ ತೆಗೆದು ಪಕ್ಕಪಕ್ಕ ಇಟ್ಕೊಂಡಿದ್ದ. ಮೂರರಲ್ಲೂ ಇಡೀ ಮುಂಬೈಗೆ ಬಣ್ಣ ತುಂಬಿತ್ತು. "ಇದರಲ್ಲಿ ಏನು ಹೋಲಿಸೋದು?" ಅಂತ ಅವನಿಗೇ ನಗು ಬಂತು.

ನಾನು ಈ ಊರಿಗೆ ಬಂದು ಹದಿನೈದು ವರ್ಷ ದಾಟಿದೆ. ಅವನಿಗೆ ಒಂದು ಸಾಲಿನ ಉತ್ತರ ಕೊಡೋಕೆ ಆಗಲಿಲ್ಲ. ಯಾಕಂದ್ರೆ ನಿಮ್ಮ ಫ್ಲಾಟಿನ ಬೆಡ್‌ರೂಮಲ್ಲಿ ಯಾವ ಸಿಮ್ ಹಿಡಿಯುತ್ತೆ ಅನ್ನೋದು ಇವತ್ತಿನ ಜಾಹೀರಾತಿನಿಂದ ತೀರ್ಮಾನ ಆಗೋದಿಲ್ಲ. ಯಾವ ಕಂಪನಿಗೆ ಯಾವ ವರ್ಷ ಯಾವ ತರಂಗಾಂತರ ಸಿಕ್ಕಿತು, ಯಾರ ತಾರಸಿ ಮೇಲೆ ಟವರ್ ನಿಲ್ಲಿಸಲು ಜನ ಬಿಟ್ಟರು ಅನ್ನೋದರ ಮೇಲೆ ಅದು ನಿಂತಿದೆ. ಅಂದ್ರೆ ಇದು ಇತಿಹಾಸದ ಪ್ರಶ್ನೆ.

1994ರ ನವೆಂಬರ್. ದೇಶದ ನಾಲ್ಕು ಮಹಾನಗರಗಳಿಗೆ ಮೊಬೈಲ್ ಲೈಸೆನ್ಸ್ ಕೊಟ್ಟರು, ಒಂದೊಂದು ಊರಿಗೆ ಎರಡೆರಡು ಕಂಪನಿ. ಮುಂಬೈಗೆ ಬಂದವು ಹಚಿಸನ್ ಮ್ಯಾಕ್ಸ್ ಮತ್ತು ಬಿಪಿಎಲ್ ಮೊಬೈಲ್. ಬಿಪಿಎಲ್ ಅಂದ ಕೂಡಲೇ ಬೆಂಗಳೂರಿನವರಿಗೆ ಟಿವಿ ನೆನಪಾಗುತ್ತೆ. ಅದೇ ಬಳಗದ ಹೆಸರು. ಮೊಬೈಲ್ ಕಂಪನಿ ಕಟ್ಟಿದವರು ಸಂಸ್ಥಾಪಕ ಟಿ.ಪಿ.ಜಿ. ನಂಬಿಯಾರ್ ಅವರ ಅಳಿಯ ರಾಜೀವ್ ಚಂದ್ರಶೇಖರ್. ಹಚಿಸನ್‌ನವರದ್ದು ಮೊದಲು ಮ್ಯಾಕ್ಸ್ ಟಚ್, ಆಮೇಲೆ ಆರೆಂಜ್, ಆಮೇಲೆ ಹಚ್, 2007ರಲ್ಲಿ ವೊಡಾಫೋನ್. ಹಳೇ ಮುಂಬೈಕರರ ನಂಬರ್ ನೋಡಿದ್ರೆ ಈಗಲೂ ಗೊತ್ತಾಗುತ್ತೆ: 98200 ಅಂದ್ರೆ ಮ್ಯಾಕ್ಸ್ ಟಚ್ ಕಾಲದವರು, 98210 ಅಂದ್ರೆ ಬಿಪಿಎಲ್. ನಮ್ಮಲ್ಲಿ 98450, 98440 ಇದ್ದ ಹಾಗೆ. ಆಗ ಮಾತಿಗೆ ನಿಮಿಷಕ್ಕೆ 16 ರೂಪಾಯಿವರೆಗೆ ಆಗುತ್ತಿತ್ತು, ಬಂದ ಕರೆಗೂ ದುಡ್ಡು. ಡೇಟಾ ಅನ್ನೋ ಮಾತೇ ಇರಲಿಲ್ಲ.

ಈ ಇಬ್ಬರಿಗೂ ಸಿಕ್ಕಿದ್ದು 900 ಮೆಗಾಹರ್ಟ್ಸ್ ತರಂಗ. ಇದನ್ನ ಗಮನಿಸಿ. ಮೆಗಾಹರ್ಟ್ಸ್ ಸಂಖ್ಯೆ ಕಡಿಮೆ ಇದ್ದಷ್ಟು ಅಲೆ ದೂರ ಹೋಗುತ್ತೆ, ಗೋಡೆ ದಾಟುತ್ತೆ. ಸಂಖ್ಯೆ ಏರಿದಷ್ಟು ಡೇಟಾಗೆ ಜಾಗ ಜಾಸ್ತಿ ಸಿಗಬಹುದು, ಆದರೆ ಗೋಡೆ ಎದುರಾದರೆ ಅಲೆ ಸೊರಗುತ್ತೆ. 2002ರಲ್ಲಿ ಏರ್‌ಟೆಲ್ ನಾಲ್ಕನೇ ಕಂಪನಿಯಾಗಿ ಮುಂಬೈಗೆ ಬಂದಾಗ ಅದಕ್ಕೆ ಸಿಕ್ಕಿದ್ದು 1800. ಮೊದಲು ಬಂದವರು ಬಸ್ಸಿನ ಕಿಟಕಿ ಸೀಟು ಹಿಡಿದಿದ್ದರು, ಅಷ್ಟೇ. ಬೆಂಗಳೂರಿನಲ್ಲಿ ಏರ್‌ಟೆಲ್ ಸಿಮ್ ಇಟ್ಟುಕೊಂಡು ಆರಾಮಾಗಿದ್ದವರು ಆ ಕಾಲಕ್ಕೆ ಮುಂಬೈಗೆ ಬಂದು, ಹಳೇ ಕಾಂಕ್ರೀಟ್ ಚಾಳಿನ ಒಳಕೋಣೆಯಲ್ಲಿ ಕೂತು "ಅದೇ ಕಂಪನಿ, ಇಲ್ಯಾಕೆ ಹೀಗೆ?" ಅಂತ ಕೇಳಿದ್ದರಲ್ಲಿ ಆಶ್ಚರ್ಯ ಏನಿಲ್ಲ.

ಆಮೇಲೆ 3ಜಿ. ಎಂಟಿಎನ್ಎಲ್ ಸರ್ಕಾರಿ ಕಂಪನಿ ಆದ್ದರಿಂದ ಹರಾಜಿಗೂ ಮುಂಚೆ 2009ರಲ್ಲೇ ಮುಂಬೈನಲ್ಲಿ ಶುರು ಮಾಡಿತು. ಖಾಸಗಿಯವರ ಹರಾಜು ನಡೆದದ್ದು 2010ರ ಏಪ್ರಿಲ್, ಮೇ ತಿಂಗಳಲ್ಲಿ. ಸರ್ಕಾರಕ್ಕೆ ಬಂದಿದ್ದು ಹತ್ತಿರ ಹತ್ತಿರ 67,719 ಕೋಟಿ ರೂಪಾಯಿ. ಅದರಲ್ಲಿ ಮುಂಬೈ ಸರ್ಕಲ್‌ನ ಒಂದು ಪಾಲಿಗೆ 3,247 ಕೋಟಿ. ಇಡೀ ಕರ್ನಾಟಕ, ಬೀದರಿಂದ ಚಾಮರಾಜನಗರದವರೆಗೆ, ಸುಮಾರು 1,580 ಕೋಟಿ! ಮುಂಬೈ, ನವಿ ಮುಂಬೈ, ಕಲ್ಯಾಣ್ ಟೆಲಿಫೋನ್ ಪ್ರದೇಶ ಸೇರಿದರೆ ಮುಂಬೈ ಸರ್ಕಲ್. ಅಷ್ಟೇ ಜಾಗಕ್ಕೆ ಕರ್ನಾಟಕದ ಎರಡು ಪಟ್ಟು ಬೆಲೆ. ಅಷ್ಟು ಕೊಟ್ಟ ಮೇಲೆ ಟವರ್‌ಗೆ ಎಷ್ಟು ಉಳಿಯುತ್ತೆ ನೀವೇ ಲೆಕ್ಕ ಹಾಕಿ.

ಇನ್ನೊಂದು ತಮಾಷೆ ಇದೆ. ಮುಂಬೈನಲ್ಲಿ ಗೆದ್ದವರು ಏರ್‌ಟೆಲ್, ವೊಡಾಫೋನ್, ರಿಲಯನ್ಸ್ ಕಮ್ಯುನಿಕೇಶನ್ಸ್. ಕರ್ನಾಟಕದಲ್ಲಿ ಗೆದ್ದವರು ಏರ್‌ಟೆಲ್, ಟಾಟಾ, ಏರ್‌ಸೆಲ್. ಅಂದ್ರೆ ವೊಡಾಫೋನ್‌ಗೆ ಮುಂಬೈನಲ್ಲಿ ಸ್ವಂತ 3ಜಿ, ಕರ್ನಾಟಕದಲ್ಲಿ ಇಲ್ಲ. ಆಗ ಕಂಪನಿಗಳು ಒಬ್ಬರ 3ಜಿ ಇನ್ನೊಬ್ಬರು ಬಳಸುವ ಒಪ್ಪಂದ ಮಾಡಿಕೊಂಡವು. ಇಲಾಖೆ ಬೇಡ ಅಂತು, ಕೇಸು ನಡೆಯಿತು, 2014ರಲ್ಲಿ ಟಿಡಿಸ್ಯಾಟ್ ಕಂಪನಿಗಳ ಪರ ತೀರ್ಪು ಕೊಟ್ಟಿತು. ಅಷ್ಟರಲ್ಲಿ 4ಜಿ ಬಾಗಿಲಿಗೆ ಬಂದಾಗಿತ್ತು. ಅದರಲ್ಲೂ ನಮ್ಮೂರೇ ಮುಂದೆ: ಏರ್‌ಟೆಲ್ 2012ರ ಏಪ್ರಿಲ್‌ನಲ್ಲಿ ಕೋಲ್ಕತ್ತಾದಲ್ಲಿ, ಮೇನಲ್ಲಿ ಬೆಂಗಳೂರಿನಲ್ಲಿ 4ಜಿ ಶುರು ಮಾಡಿತು. ಮುಂಬೈ ಕಾಯಬೇಕಾಯಿತು. ಯಾಕೆ? 2010ರ ಬ್ರಾಡ್‌ಬ್ಯಾಂಡ್ ತರಂಗದ ಹರಾಜಿನಲ್ಲಿ ಏರ್‌ಟೆಲ್ ಗೆದ್ದ ನಾಲ್ಕು ಸರ್ಕಲ್‌ಗಳಲ್ಲಿ ಕರ್ನಾಟಕ ಇತ್ತು, ಮುಂಬೈ ಇರಲಿಲ್ಲ. ಮುಂಬೈನಲ್ಲಿ ಗೆದ್ದವರಲ್ಲಿ ಒಬ್ಬರು ಇನ್ಫೋಟೆಲ್. ಅದನ್ನು ರಿಲಯನ್ಸ್ ಕೊಂಡುಕೊಂಡಿತು. ಅದೇ ಮುಂದೆ ಜಿಯೋ. ಆ ಜಿಯೋ ಎಲ್ಲರಿಗೂ ಬಾಗಿಲು ತೆರೆದದ್ದು 2016ರ ಸೆಪ್ಟೆಂಬರ್ 5ಕ್ಕೆ.

ನಾನು ಹುಬ್ಬಳ್ಳಿಯಿಂದ ಇಲ್ಲಿಗೆ ಬಂದದ್ದು 2010ರಲ್ಲಿ, ಈ ಎಲ್ಲ ಗದ್ದಲದ ನಡುವೆ. ಮನೆ ಡೊಂಬಿವಲಿ, ಆಫೀಸು ಐರೋಲಿ. ಕರ್ನಾಟಕದ ನಂಬರಿಗೆ ಇಲ್ಲಿ ಬಂದ ಕರೆಗೂ ರೋಮಿಂಗ್ ದುಡ್ಡು. ಹಾಗಾಗಿ ಹೊಸ ನಂಬರ್ ತಗೋಬೇಕಾಯಿತು, ಬ್ಯಾಂಕಿಂದ ಹಿಡಿದು ಎಲ್‌ಐಸಿವರೆಗೆ ಎಲ್ಲ ಕಡೆ ಬದಲಿಸಬೇಕಾಯಿತು. ಬೇರೆ ರಾಜ್ಯಕ್ಕೆ ಹೋದರೂ ಅದೇ ನಂಬರ್ ಉಳಿಸಿಕೊಳ್ಳುವ ಸೌಲಭ್ಯ ಬಂದದ್ದು 2015ರ ಜುಲೈ 3ರಿಂದ. ಈಗ ಬರುವ ಹುಡುಗರಿಗೆ ಈ ಕಷ್ಟ ಗೊತ್ತಿಲ್ಲ. ಸಂಜೆ ಅಪ್ಪನ ಫೋನ್ ಬರೋ ಹೊತ್ತಿಗೆ ನಾನು ಫಾಸ್ಟ್ ಲೋಕಲ್‌ನಲ್ಲಿ. ಠಾಣೆ ದಾಟಿದ ಮೇಲೆ ಗಾಡಿ ಪಾರಸಿಕ್ ಸುರಂಗಕ್ಕೆ ನುಗ್ಗುತ್ತಿತ್ತು. 1916ರಲ್ಲಿ ತೆರೆದ, 1.3 ಕಿಲೋಮೀಟರ್ ಉದ್ದದ ಸುರಂಗ. ಮಾತು ಅರ್ಧಕ್ಕೆ ಕಟ್. ಮತ್ತೆ ಮಾಡಿದರೆ ಅಪ್ಪ, "ಟವರ್ ಇಲ್ಲೇನಪಾ ಅಲ್ಲೆ? ಅಷ್ಟ್ ದೊಡ್ಡ ಊರಾಗ?" ಅಂತಿದ್ದರು. ನಮ್ಮ ಕಡೆ 'ಟವರ್ ಇಲ್ಲ', ಮಂಗಳೂರು ಕಡೆಯವರು 'ರೇಂಜ್ ಇಲ್ಲ', ಮುಂಬೈನವರು 'ನೆಟ್‌ವರ್ಕ್ ನಹೀ ಹೈ'.

ಸುರಂಗ ಬಿಡಿ, ಬಯಲಲ್ಲೂ ಲೋಕಲ್ ಅನ್ನೋದು ನೆಟ್‌ವರ್ಕಿಗೆ ಕಠಿಣ ಪರೀಕ್ಷೆ. ಪೀಕ್ ಅವರ್‌ನಲ್ಲಿ 12 ಬೋಗಿಯ ಒಂದು ಗಾಡಿಯಲ್ಲಿ 4,000ಕ್ಕೂ ಹೆಚ್ಚು ಜನ. ಅಷ್ಟೂ ಫೋನುಗಳು ತಗಡಿನ ಡಬ್ಬಿಯೊಳಗೆ ಕೂತು, ಒಂದು ಟವರ್ ಬಿಟ್ಟು ಮುಂದಿನದನ್ನು ಒಟ್ಟಿಗೇ ಹಿಡಿಯಬೇಕು. ಎದುರಿಂದ ಇನ್ನೊಂದು ಗಾಡಿ ಬರುತ್ತೆ, ಅದರಲ್ಲೂ ಅಷ್ಟೇ ಜನ. ಆಗ ಕಡ್ಡಿ ನಾಲ್ಕೂ ತುಂಬಿರುತ್ತೆ, ವಾಟ್ಸಾಪ್ ಮೆಸೇಜ್ ಮಾತ್ರ ಹೋಗಲ್ಲ. ಕಡ್ಡಿ ಹೇಳೋದು ಅಲೆ ಎಷ್ಟು ಜೋರಾಗಿದೆ ಅಂತ, ನಿಮ್ಮ ಪಾಲಿಗೆ ಎಷ್ಟು ಉಳಿದಿದೆ ಅಂತ ಅಲ್ಲ. ಸರ್ವರ್ 'ಪಿಂಗ್'ಗೆ ಉತ್ತರ ಕೊಡುತ್ತೆ, ಆದರೆ ಪೇಜ್ ತೆರೆಯಲ್ಲ, ಅದೇ ಕಥೆ.

ಈಗ ತಾರಸಿ ವಿಷಯಕ್ಕೆ ಬರ್ತೀನಿ. ಇದರಲ್ಲಿ ನನ್ನದೂ ತಪ್ಪಿದೆ.

2012ರ ಸುಮಾರಿಗೆ ಮುಂಬೈನಲ್ಲಿ ಟವರ್ ವಿಕಿರಣದ ಭಯ ಜೋರಾಗಿತ್ತು. ಆ ವರ್ಷ ಸೆಪ್ಟೆಂಬರ್ 1ರಿಂದ ಸರ್ಕಾರ ಟವರ್ ವಿಕಿರಣದ ಮಿತಿಯನ್ನು ಅಂತರರಾಷ್ಟ್ರೀಯ ಮಿತಿಯ ಹತ್ತನೇ ಒಂದಕ್ಕೆ ಇಳಿಸಿತು. ಆದರೂ ಹೆದರಿಕೆ ಇಳಿಯಲಿಲ್ಲ. ನಮ್ಮ ಸೊಸೈಟಿಯ ತಾರಸಿ ಮೇಲೂ ಒಂದು ಟವರ್ ಇತ್ತು. ಅದರ ಬಾಡಿಗೆಯಿಂದ ಎಲ್ಲರ ಮೇಂಟೆನೆನ್ಸ್ ಬಿಲ್ ಕಡಿಮೆ ಬರ್ತಿತ್ತು. ವಾರ್ಷಿಕ ಸಭೆಯಲ್ಲಿ ಕರಾರು ಮುಂದುವರಿಸೋದು ಬೇಡ ಅಂತ ಠರಾವು ಬಂತು. ನನ್ನ ಮಗಳು ಆಗಿನ್ನೂ ಕೂಸು. ನಾನೂ ಕೈ ಎತ್ತಿದೆ. ಇಂಜಿನಿಯರ್ ಆಗಿ ಎರಡು ಮಾತು ಓದಿ ಕೈ ಎತ್ತಬಹುದಿತ್ತು, ಓದಲಿಲ್ಲ.

ಟವರ್ ಇಳಿಯಿತು. ಮುಂದಿನ ಮಳೆಗಾಲ, ಒಂದು ರಾತ್ರಿ ಹನ್ನೊಂದಕ್ಕೆ ಬಾಗಿಲು ಬಡಿದ ಸದ್ದು. ಕೆಳಗಿನ ಫ್ಲಾಟಿನ ಕುಂದಾಪುರದ ಅಮ್ಮ. "ಹೋಯ್ ಮಗಾ, ಇವ್ರು ಬಿದ್ರ್, ಫೋನ್ ಹೋತಿಲ್ಲೆ" ಅಂದರು. ಅವರ ಲ್ಯಾಂಡ್‌ಲೈನ್ ಮಳೆಗೆ ಸತ್ತಿತ್ತು. ನನ್ನ ಮೊಬೈಲಲ್ಲಿ ಒಂದು ಕಡ್ಡಿ ಬರೋದು, ಹೋಗೋದು. ಕೊನೆಗೆ ಆರು ಮಹಡಿ ಇಳಿದು, ಗೇಟು ದಾಟಿ, ರಸ್ತೆಗೆ ಹೋಗಿ ನೆನೆಯುತ್ತ ನಿಂತು ಆಂಬುಲೆನ್ಸಿಗೆ ಫೋನ್ ಮಾಡಿದೆ. ಕಾಲು ಗಂಟೆ ಹೋಯಿತು. ಅವರು ಉಳಿದರು, ಆದರೆ ಬಲಗೈ ಪೂರ್ತಿ ಮೊದಲಿನಂತೆ ಆಗಲಿಲ್ಲ. ಆ ಕಾಲು ಗಂಟೆಯಿಂದಲೇ ಹಾಗಾಯಿತು ಅಂತ ಯಾವ ಡಾಕ್ಟರೂ ನನಗೆ ಹೇಳಿಲ್ಲ. ಅಮ್ಮನೂ ಒಂದು ಮಾತು ಅಂದಿಲ್ಲ, ಅಷ್ಟಮಿಗೆ ಉಂಡೆ ಚಕ್ಕುಲಿ ಕಳಿಸೋದು ತಪ್ಪಿಸಿಲ್ಲ. ನನಗೆ ಮಾತ್ರ ಆ ಎತ್ತಿದ ಕೈ ನೆನಪಾಗುತ್ತೆ.

ಆಮೇಲೆ ಕೂತು ಓದಿದೆ. ಟವರ್ ದೂರ ಹೋದಷ್ಟು ಅದನ್ನು ಮುಟ್ಟೋಕೆ ನಮ್ಮ ಫೋನೇ ತನ್ನ ಶಕ್ತಿ ಹೆಚ್ಚಿಸಿಕೊಂಡು ಅಲೆ ಬಿಡುತ್ತೆ. ಆ ಫೋನು ಇರೋದು ನಮ್ಮ ಕಿವಿ ಪಕ್ಕ. ತಾರಸಿಯ ಆಂಟೆನಾ ಅಲೆ ಬಿಡೋದು ಮುಂದಕ್ಕೆ, ನೆಟ್ಟಗೆ ಕೆಳಗಿನ ಮನೆಗೆ ಬೀಳೋದು ತೀರಾ ಕಡಿಮೆ. ನಿಮ್ಮ ಸುತ್ತ ಎಲ್ಲಿ ಟವರ್ ಇದೆ, ಅದು ವಿಕಿರಣದ ಮಿತಿಯೊಳಗೆ ಇದೆಯಾ ಅಂತ ನೋಡೋಕೆ ದೂರಸಂಪರ್ಕ ಇಲಾಖೆಯ 'ತರಂಗ್ ಸಂಚಾರ್' ಪೋರ್ಟಲ್ 2017ರಲ್ಲಿ ಬಂತು. ನಮ್ಮ ಸಭೆ ಮುಗಿದು ವರ್ಷಗಳಾಗಿದ್ದವು.

ಇನ್ನು ಬಿಪಿಎಲ್ ಏನಾಯಿತು ಅಂತ ಕೇಳ್ತೀರಿ. ಕೈ ಬದಲಾಗಿ 2009ರಲ್ಲಿ ಲೂಪ್ ಮೊಬೈಲ್ ಆಯಿತು. 1994ರ ಲೈಸೆನ್ಸ್ ಇಪ್ಪತ್ತು ವರ್ಷದ್ದು, ಮುಗಿಯುವುದು 2014ರ ನವೆಂಬರ್‌ನಲ್ಲಿ. ಆ ವರ್ಷ ಫೆಬ್ರುವರಿಯಲ್ಲಿ 900 ಮೆಗಾಹರ್ಟ್ಸ್ ಮತ್ತೆ ಹರಾಜಿಗೆ ಬಂತು. ಮುಂಬೈನಲ್ಲಿ ಅದು ವೊಡಾಫೋನ್ ಮತ್ತು ಏರ್‌ಟೆಲ್ ಪಾಲಾಯಿತು. ಹನ್ನೆರಡು ವರ್ಷ 1800ರಲ್ಲಿ ಏಗಿದ ಏರ್‌ಟೆಲ್‌ಗೆ ಕೊನೆಗೂ ಕಿಟಕಿ ಸೀಟು. ಲೂಪ್ ಅನ್ನು ಏರ್‌ಟೆಲ್ ಸುಮಾರು 700 ಕೋಟಿಗೆ ಕೊಳ್ಳುವ ಮಾತಾಗಿತ್ತು, ಅದೂ ಮುರಿದು ಬಿತ್ತು. ನವೆಂಬರ್ 29ಕ್ಕೆ ಲೂಪ್ ಮುಚ್ಚಿತು. ಸುಮಾರು 30 ಲಕ್ಷ ಗ್ರಾಹಕರು ಬೇರೆ ಕಂಪನಿಗೆ ಓಡಬೇಕಾಯಿತು. ಮಾಟುಂಗದ ಅಂಗಡಿಯವರೊಬ್ಬರು 98210 ನಂಬರನ್ನು ಕಾರ್ಡಿನ ಮೇಲೆ, ಬೋರ್ಡಿನ ಮೇಲೆ ಇಪ್ಪತ್ತು ವರ್ಷ ಬರೆಸಿದ್ದವರು, ಪೋರ್ಟ್ ಮಾಡಿಸಲು ಸಾಲಿನಲ್ಲಿ ನಿಂತದ್ದನ್ನು ನಾನು ನೋಡಿದ್ದೇನೆ. ಅವರಿಗೆ ಅದು ಸಿಮ್ ಅಲ್ಲ, ಅಂಗಡಿಯ ವಿಳಾಸ.

5ಜಿ ಕಥೆ ಬೇಗ ಹೇಳಿಬಿಡ್ತೀನಿ. 2022ರ ಅಕ್ಟೋಬರ್‌ನಲ್ಲಿ ಏರ್‌ಟೆಲ್, ಜಿಯೋ ಎರಡೂ ಮೊದಲ ಪಟ್ಟಿಯಲ್ಲೇ ಮುಂಬೈಯನ್ನು ಇಟ್ಟವು. ವಿಐ ಬಂದದ್ದು 2025ರ ಮಾರ್ಚ್‌ನಲ್ಲಿ, ಅದೂ ಮುಂಬೈನಿಂದಲೇ ಶುರು. ಜಿಯೋ ಹತ್ತಿರ 700 ಮೆಗಾಹರ್ಟ್ಸ್ ಇದೆ, ಒಳಕೋಣೆಗೆ ಅದು ಅನುಕೂಲ. ಎಲ್ಲರ ನಿಜವಾದ ವೇಗ ಇರೋದು 3500ರ ಸುತ್ತಮುತ್ತ, ಅದು ಕಿಟಕಿ ಪಕ್ಕದ ಸುಖ. ಹಾಗಾಗಿ ಅದೇ ಫ್ಲಾಟಿನ ಹಾಲ್‌ನಲ್ಲಿ ಒಬ್ಬರು, ಬೆಡ್‌ರೂಮಿನಲ್ಲಿ ಇನ್ನೊಬ್ಬರು ಗೆಲ್ಲಬಹುದು.

ಆ ಹುಡುಗನ ಮ್ಯಾಪಿಗೆ ವಾಪಸ್ ಬರೋಣ. ಟ್ರಾಯ್ 2024ರ ನಿಯಮದಲ್ಲಿ ಕಂಪನಿಗಳು ಕವರೇಜ್ ಮ್ಯಾಪ್ ಪ್ರಕಟಿಸಲೇಬೇಕು ಅಂತ ಹೇಳಿದೆ. ಒಳ್ಳೇದೇ. ಆದರೆ ಮ್ಯಾಪ್ ತೋರಿಸೋದು ನೆಲ. ಮುಂಬೈ ಬದುಕೋದು ಮೂವತ್ತನೇ ಮಹಡಿಯಲ್ಲಿ, ಲೋಕಲ್ ಒಳಗೆ, ಈಗ ನೆಲದಡಿಯಲ್ಲೂ. ಆಂಟೆನಾಗಳು ರಸ್ತೆಯ ಕಡೆ ಬಾಗಿರುತ್ತವೆ. ಮೂವತ್ತನೇ ಮಹಡಿಗೆ ದೂರದ ಹತ್ತು ಟವರ್ ಒಟ್ಟಿಗೆ ಕೇಳಿಸುತ್ತವೆ, ಒಂದೂ ಗಟ್ಟಿಯಾಗಿ ಅಲ್ಲ. ಫೋನು ಆ ಕಡೆ ಈ ಕಡೆ ಜಿಗೀತಾ ಇರುತ್ತೆ.

ನೆಲದಡಿಯ ಕಥೆ ತೀರಾ ಹೊಸದು. ಮೆಟ್ರೋ 3, 33.5 ಕಿಲೋಮೀಟರ್, ಬಹುತೇಕ ಎಲ್ಲ ನಿಲ್ದಾಣ ನೆಲದೊಳಗೆ. 2024ರ ಅಕ್ಟೋಬರ್‌ನಲ್ಲಿ ಆರೆಯಿಂದ ಬಿಕೆಸಿವರೆಗೆ ಓಡಿತು, 2025ರ ಅಕ್ಟೋಬರ್‌ನಲ್ಲಿ ಕಫ್ ಪರೇಡ್ ಮುಟ್ಟಿತು. ಗಾಡಿ ಚೆನ್ನಾಗಿದೆ, ಆದರೆ ಆಗ ಕೆಳಗೆ ಇಳಿದರೆ ಫೋನ್ ಸತ್ತಂತಿತ್ತು. ನಿಲ್ದಾಣದೊಳಗಿನ ಉಪಕರಣ ಯಾರು ಹಾಕಬೇಕು, ಬಾಡಿಗೆ ಎಷ್ಟು ಅಂತ ಮೆಟ್ರೋ ನಿಗಮ ಮತ್ತು ಮೊಬೈಲ್ ಕಂಪನಿಗಳ ನಡುವೆ ಜಗಳ ನಡೆದಿತ್ತು. ಟಿಕೆಟಿನ ಯುಪಿಐ ಪಾವತಿಗೆ ಜನ ವೈಫೈ ಹುಡುಕಿದರು. ಮತ್ತೆ ಅದೇ: ಜಾಗ ಯಾರದ್ದು, ಬಾಡಿಗೆ ಎಷ್ಟು.

ಹುಡುಗನಿಗೆ ನಾನು ಹೇಳಿದ್ದು ಇಷ್ಟು. ಮನೆ ನೋಡೋಕೆ ಹೋಗುವಾಗ ಎರಡು ಕಂಪನಿಯ ಸಿಮ್ ಇಟ್ಕೊಂಡು ಹೋಗು. ಹಾಲ್‌ನಲ್ಲಿ ಅಲ್ಲ, ಬೆಡ್‌ರೂಮಿನ ಬಾಗಿಲು ಹಾಕ್ಕೊಂಡು ಊರಿಗೆ ಒಂದು ಫೋನ್ ಮಾಡಿ ನೋಡು, ರಾತ್ರಿ ಒಂಬತ್ತರ ಮೇಲೆ. ಅಡ್ವಾನ್ಸ್ ಆಮೇಲೆ ಕೊಡು. ಅವನು ಘನ್ಸೋಲಿಯಲ್ಲಿ ಒಂದು ಮನೆಗೆ ಹೋಗಿ ಹಾಗೇ ಮಾಡಿದನಂತೆ. ಓನರ್ ಹೊರಗಿನಿಂದ ಬಾಗಿಲು ತಟ್ಟಿ, ಒಳಗೆ ಏನು ಮಾಡ್ತಿದೀಯಪ್ಪಾ ಅಂತ ಕೇಳಿದರಂತೆ.

ನಮ್ಮ ಸೊಸೈಟಿಯಲ್ಲಿ ಈ ಸಲದ ಸಭೆಗೆ ಮತ್ತೆ ಟವರ್ ಅರ್ಜಿ ಬಂದಿದೆ. ಕುಂದಾಪುರದ ಅಮ್ಮ ಈಗ ಒಬ್ಬರೇ ಇದ್ದಾರೆ. ಸಭೆಗೆ ಬರೋಕೆ ಮೆಟ್ಟಿಲು ಆಗಲ್ಲ ಅಂತ ನನಗೆ ಒಪ್ಪಿಗೆ ಪತ್ರ ಬರೆದುಕೊಟ್ಟಿದ್ದಾರೆ.