ಊರಿನ ದನಿ

ಹಿಪ್ಪರಗಿ ಬ್ಯಾರೇಜಿನ ಮೇಲೆ ನಿಂತಾಗಲೆಲ್ಲ, ತರಗತಿಯಲ್ಲಿ ನಾನು ಕೇಳುತ್ತಿದ್ದ ಪ್ರಶ್ನೆಯೊಂದು ನೆನಪಾಗುತ್ತದೆ: ಒಂದು ಊರು ಪರದೇಶದೊಡನೆ ಒಪ್ಪಂದ ಮಾಡಿಕೊಳ್ಳಬಲ್ಲುದೇ?

ಹಿಂದೆ ವೆನಿಸ್ ನಗರ ಮಾಡಿಕೊಳ್ಳುತ್ತಿತ್ತು. 1965ರಲ್ಲಿ ಸ್ವತಂತ್ರವಾದ ಸಿಂಗಪುರ ಇಂದಿಗೂ ಮಾಡಿಕೊಳ್ಳುತ್ತದೆ. ಅದು ನಗರವೂ ಹೌದು, ರಾಷ್ಟ್ರವೂ ಹೌದು. ನಮ್ಮ ಜಮಖಂಡಿ, ಮುಧೋಳಗಳಲ್ಲಿ ಅರಸರಿದ್ದರೂ ಪರರಾಷ್ಟ್ರ ವ್ಯವಹಾರ ಬ್ರಿಟಿಷರ ಕೈಯಲ್ಲಿತ್ತು. ಅವರ ಅಧಿಪತ್ಯ 1947ರ ಆಗಸ್ಟ್ 15ರಂದು ಕೊನೆಗೊಂಡಿತು. 1948ರ ಮಾರ್ಚ್ 8ರಂದು ಎರಡೂ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ವಿಲೀನವಾದವು.

ದೇಶದೊಳಗಿನ ನದಿ ವ್ಯಾಜ್ಯದಲ್ಲಿಯೂ ಇದೇ ರೀತಿ. 1969ರಲ್ಲಿ ರಚನೆಯಾದ ಕೃಷ್ಣಾ ನ್ಯಾಯಮಂಡಳಿಯ ಮುಂದೆ ವಾದಿಸಿದವು ರಾಜ್ಯಗಳು, ದಂಡೆಯ ಊರುಗಳಲ್ಲ. ನೆರೆ ಬಂದರೆ ಮುಳುಗುವುದು ಮಾತ್ರ ನಮ್ಮ ಹೊಲ. ಆದ್ದರಿಂದ ನನ್ನ ಶಿಷ್ಯರಿಗೆ ಹೇಳುವುದಿಷ್ಟೇ: ಊರಿನ ಸಂಕಟವನ್ನು ರಾಜ್ಯದ ಕಿವಿಗೆ ಮುಟ್ಟಿಸುವ ಹೊಣೆ ನಿಮ್ಮದು.